ನಾಲ್ಕು ಬಾಣಗಳ ಹಾಡು

ಆ ಶನಿವಾರವೂ ನಾನು ಎದ್ದದ್ದು ಐದೂಕಾಲಿಗೇ. ಬಾಗಿಲ ಹೊರಗೆ ಹಾಲಿನ ಪ್ಯಾಕೆಟ್ಟುಗಳು ಒಂದಕ್ಕೊಂದು ಒರಗಿ ಕೂತಿದ್ದವು. ಮೇಲಿನದರ ಮೂಲೆ ಹನಿಯಷ್ಟು ಸೋರಿ, ಮೆಟ್ಟಿಲ ಮೇಲೆ ಆಗಲೇ ಇರುವೆಗಳು ಸೇರಿದ್ದವು. ವೆಸ್ಟ್ ಮಾಂಬಲದ ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಎರಡೇ ಸದ್ದು: ಎದುರು ಮನೆಯಾಕೆ ಬಾಗಿಲಿಗೆ ನೀರು ಎರಚುವುದು, ತಾಂಬರಂ ಕಡೆಯಿಂದ ಬರುವ ಎಲೆಕ್ಟ್ರಿಕ್ ಟ್ರೈನು ಸ್ಟೇಷನ್ನಿನ ಹತ್ತಿರ ನಿಧಾನವಾಗುವುದು. ಹೊಸ್ತಿಲ ಮುಂದೆ ಐದು ಚುಕ್ಕಿಯ ರಂಗೋಲಿ ಎಳೆದೆ. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಕೈ ಒರೆಸಿಕೊಂಡು, ಗಡಿಯಾರ ಕಟ್ಟಿಕೊಂಡು, ಮಗಳ ಮಂಚದ ಹತ್ತಿರ ಹೋದೆ.

ಗಡಿಯಾರ ಅವಳ ನಾಡಿ ಎಣಿಸುವುದಕ್ಕೆ. ಐದು ವರ್ಷದಿಂದ ನಡೆದುಬಂದ ಕೆಲಸ ಅದು, ಹಾಲು ಕಾಯಿಸಿದ ಹಾಗೆ, ತುಳಸಿಗೆ ನೀರು ಹಾಕಿದ ಹಾಗೆ. ಮೈಸೂರಿನ ಕಾನ್ವೆಂಟಿನಲ್ಲಿ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಔಷಧದ ಕೋಣೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರು ನಮಗೆ ರೋಗಿಯನ್ನು ನೋಡಿಕೊಳ್ಳುವುದನ್ನು ಕಲಿಸಿದ್ದರು. ಪೂರಾ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಹುಡುಗಿಯನ್ನು ಅವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆಗ ಅದೆಲ್ಲ ನಗೆಯ ವಿಷಯ. ನನ್ನ ಮನೆಯಲ್ಲೇ ಒಂದು ದಿನ ಅದು ಬೇಕಾಗುತ್ತದೆ ಎಂದು ಯಾರು ಅಂದುಕೊಂಡಿದ್ದರು?

ಮಗಳಿಗೆ ಆಗ ಹದಿನಾಲ್ಕು. ನಿದ್ದೆಯಲ್ಲಿ ಅವಳ ನಾಡಿ ಎಪ್ಪತ್ತೆಂಟು, ಎಂಬತ್ತು, ಜಾಸ್ತಿ ಎಂದರೆ ಎಂಬತ್ತನಾಲ್ಕು. ಅವತ್ತು ನೂರ ಎಂಟು.

ಮತ್ತೆ ಎಣಿಸಿದೆ. ನೂರ ಹತ್ತು. ಆಗ ಗೊತ್ತಾಯಿತು, ಅವಳು ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಎಚ್ಚರವಾಗಿಯೇ ಮಲಗಿದ್ದಳು. ರೆಪ್ಪೆಯ ಒಳಗೆ ಗುಡ್ಡೆಗಳು ಓಡಾಡುತ್ತಿದ್ದವು.

“ಏನೇ, ಎದೆ ಡವಡವ ಅಂತಿದೆಯಾ?”

“ಒಣ್ಣುಮ್ ಇಲ್ಲಮ್ಮಾ. ಕೆಟ್ಟ ಕನಸು.”

“ಎಂಥ ಕನಸು?”

“ಮ್ಯಾಥ್ಸ್.”

ನಮ್ಮ ಮನೆಯಲ್ಲಿ ಹೀಗೆಯೇ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಏನೂ ಇಲ್ಲ ಎನ್ನುವುದನ್ನು ತಮಿಳಿನಲ್ಲಿ ಹೇಳುತ್ತಾಳೆ, ನಿಜವಾಗಿ ಏನಾದರೂ ಇದ್ದರೆ ಇಂಗ್ಲಿಷಿನಲ್ಲಿ. ಎದ್ದು ಮಂಚದ ಅಂಚಿಗೆ ಕೂತವಳು ಬಲಗಡೆಯ ಮಂಡಿಯನ್ನು ಉಜ್ಜಿಕೊಂಡಳು. ಒಂದೇ ಸಲ, ಅಂಗೈಯಲ್ಲಿ, ನಾನು ನೋಡುತ್ತಿಲ್ಲ ಎಂದುಕೊಂಡು.

“ಮಂಡಿ ನೋಯ್ತಿದೆಯಾ?”

“ಸೊಳ್ಳೆ ಕಚ್ಚಿತು.”

ಕನ್ನಡದಲ್ಲಿ ಹೇಳಿದಳು. ಮಾಂಬಲದ ಸೊಳ್ಳೆಯ ಮೇಲೆ ಯಾವ ತಪ್ಪನ್ನಾದರೂ ಹೊರಿಸಬಹುದು, ಒಪ್ಪೋಣ. ಆದರೆ ಅವಳು ನನ್ನ ಭಾಷೆಯಲ್ಲಿ ನನ್ನನ್ನು ಸಮಾಧಾನ ಮಾಡುವುದು ನನ್ನಿಂದ ಏನನ್ನಾದರೂ ಮುಚ್ಚಿಡುವಾಗ ಮಾತ್ರ.

ಮಂಡಿ ಎಂದರೆ ನಾನು ಯಾಕೆ ಹೆದರುತ್ತೇನೆ ಎಂದು ಹೇಳಬೇಕು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಗಂಟಲುನೋವು ಬಂದು ಹೋಯಿತು. ಹದಿನೈದು ದಿನ ಕಳೆದ ಮೇಲೆ ಮಂಡಿ ನೋಯುತ್ತದೆ ಎಂದಳು, ಮಾರನೆಯ ದಿನ ಮಂಡಿ ಬಿಟ್ಟು ಕಾಲಿನ ಗಿಣ್ಣು, ಆಮೇಲೆ ಮಣಿಕಟ್ಟು. ಆಟವಾಡಿ ಬಿದ್ದಿರಬೇಕು ಎಂದು ನಾನು ಎಣ್ಣೆ ತಿಕ್ಕಿದೆ. ಒಂದು ವಾರ ತಿಕ್ಕಿದೆ. ಆ ವಾರದಲ್ಲಿ ಜ್ವರ ಕೀಲುಗಳನ್ನು ದಾಟಿ ಎದೆಗೆ ಇಳಿದಿತ್ತು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ ಎಂದು ಹೇಳಿದ ಮುದುಕ ಡಾಕ್ಟರು ಚೀಟಿಯಲ್ಲಿ ಮೂರು ಸಾಲು ಬರೆದುಕೊಟ್ಟಿದ್ದರು: ಮೂರು ವಾರಕ್ಕೊಂದು ಇಂಜೆಕ್ಷನ್. ಓಟ, ಜಿಗಿತ, ನೃತ್ಯ ಬೇಡ. ಮತ್ತೆ ಕೀಲು ನೋವು ಬಂದರೆ ತಕ್ಷಣ ಕರೆತರಬೇಕು.

ಅವಳ ಭರತನಾಟ್ಯದ ಕ್ಲಾಸು ಅಲ್ಲಿಗೆ ನಿಂತಿತು. ಗೆಜ್ಜೆಯನ್ನು ಒಂದು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ. ಆ ಡಾಕ್ಟರು ಮುಂದೆ ಪ್ರಾಕ್ಟೀಸು ಬಿಟ್ಟರು, ಅವರ ಜಾಗಕ್ಕೆ ಒಬ್ಬ ಲೇಡಿ ಡಾಕ್ಟರ್ ಬಂದರು. ಇಂಜೆಕ್ಷನ್ ನಡೆಯುತ್ತಲೇ ಇತ್ತು. ಚೀಟಿಯ ಎರಡನೇ ಸಾಲು ಈಗಲೂ ಜಾರಿಯಲ್ಲಿದೆಯೇ ಎಂದು ಮಾತ್ರ ನಾನು ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಪರೀಕ್ಷೆ ಮಾಡೋಣ ಎನ್ನುತ್ತಾರೆ. ಪರೀಕ್ಷೆ ಮಾಡಿದರೆ ಏನಾದರೂ ಕಾಣುತ್ತದೆ. ಮಡಿಬಟ್ಟೆಯನ್ನು ಮುಟ್ಟದೆ ಸುತ್ತಿ ನಡೆಯುವ ಹಾಗೆ ನಾವು ಆ ಸಾಲನ್ನು ಮುಟ್ಟದೆ ಐದು ವರ್ಷ ಸುತ್ತಿ ನಡೆದೆವು.

“ಇವತ್ತು ಸ್ಕೂಲು ಬೇಡ, ಡಾಕ್ಟರ ಹತ್ರ ಹೋಗೋಣ,” ಎಂದೆ.

“ಅಮ್ಮಾ, ಪ್ಲೀಸ್! ಸ್ಪೆಷಲ್ ಕ್ಲಾಸ್ ಇದೆ. ಟೆಸ್ಟ್ ಇದೆ. ಹನ್ನೆರಡೂವರೆಗೆ ಬಂದ್ಬಿಡ್ತೀನಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು.”

ಮತ್ತೆ ಕನ್ನಡ. ಯಜಮಾನರು ಇನ್ಶೂರೆನ್ಸ್ ಆಫೀಸಿನ ಕೆಲಸದ ಮೇಲೆ ವೇಲೂರಿಗೆ ಹೋಗಿದ್ದರು. ಕೇಳಲು ಯಾರೂ ಇರಲಿಲ್ಲ. ಇಡ್ಲಿಯಲ್ಲಿ ಒಂದೂವರೆ ತಿಂದಳು. ಜಡೆ ಹಾಕುವಾಗ ಕತ್ತಿನ ಹಿಂದೆ ಬೆವರಿತ್ತು. ಫೆಬ್ರವರಿಯ ಬೆಳಿಗ್ಗೆ, ಫ್ಯಾನಿನ ಕೆಳಗೆ. ರಿಬ್ಬನ್ನು ಬಿಗಿಯಾಗಿ ಕಟ್ಟು ಎಂದು ಅವಳೇ ಹೇಳಿದಳು. ದಿನಾ ಸಡಿಲವಾಗಿ ಕಟ್ಟು ಎಂದು ಜಗಳವಾಡುವವಳು.

ಅವಳು ಹೋದ ಮೇಲೆ ಮನೆಯ ಕೆಲಸ ಮಾಡಿದೆನೋ ಕೆಲಸ ನನ್ನನ್ನು ಎಳೆದಾಡಿತೋ ತಿಳಿಯದು. ಅಕ್ಕಿ ಆರಿಸುವಾಗ ಕಲ್ಲನ್ನು ತಟ್ಟೆಯಲ್ಲಿ ಬಿಟ್ಟು ಅಕ್ಕಿಕಾಳನ್ನು ಎತ್ತಿ ಎಸೆಯುತ್ತಿದ್ದೆ. ನೂರ ಹತ್ತು. ಮಂಡಿ. ಬೆವರು. ಮೂರೂ ಸೇರಿದರೆ ಏನೆಂದು ನನಗೆ ಗೊತ್ತಿತ್ತು. ಹಿಂದಿನ ಸಲ ಒಂದು ವಾರ ಎಣ್ಣೆ ತಿಕ್ಕಿದವಳು ಈ ಸಲ ಒಂದು ಟೆಸ್ಟಿಗೆ ಹೆದರಿ ಕಳಿಸಿಬಿಟ್ಟೆನಲ್ಲ! ಹತ್ತು ಗಂಟೆಯಾದದ್ದೇ ಒಲೆ ಆರಿಸಿ, ಕೊಡೆ ಹಿಡಿದು, ಸ್ಕೂಲಿಗೆ ನಡೆದೆ. ಟೆಸ್ಟಾದರೂ ಆಗಲಿ, ಮತ್ತೊಂದಾದರೂ ಆಗಲಿ, ಅರ್ಧದಲ್ಲೇ ಎಬ್ಬಿಸಿ ಕರೆದೊಯ್ಯುವುದು ಎಂದು ತೀರ್ಮಾನಿಸಿದ್ದೆ.

ಸ್ಕೂಲಿನ ಗೇಟಿಗೆ ಸರಪಣಿ. ಒಳಗೆ ಆಯಾ ಒಬ್ಬಳೇ ಮೆಟ್ಟಿಲ ಮೇಲೆ ಕೂತು ಹೂ ಕಟ್ಟುತ್ತಿದ್ದಳು.

“ಇವತ್ತು ಯಾವ ಕ್ಲಾಸೂ ಇಲ್ಲಮ್ಮಾ. ಎರಡನೇ ಶನಿವಾರ ಅಲ್ವಾ,” ಎಂದಳು ತಮಿಳಿನಲ್ಲಿ. ನನ್ನ ಮುಖ ನೋಡಿ ಹೂ ಕೆಳಗಿಟ್ಟು ಎದ್ದು ಬಂದಳು. “ನಿಮ್ಮ ಪಾಪ, ಆ ಕಂಪ್ಯೂಟರ್ ಮನೆ ಹುಡುಗಿ, ಇಬ್ಬರೂ ಒಂಬತ್ತಕ್ಕೆ ಇಲ್ಲೇ ಗೇಟಲ್ಲಿ ನಿಂತಿದ್ರು. ಆಟೋ ಹತ್ತಿದ್ರು. ಏನೋ ಡ್ಯಾನ್ಸ್ ಮೆಷಿನ್ನು, ಕಾಂಪಿಟಿಷನ್ನು ಅಂತ ಒಂದೇ ನಗು. ನೀವೇ ಕಳಿಸಿದ್ದು ಅಂದ್ಕೊಂಡೆ.”

ಡ್ಯಾನ್ಸ್ ಮೆಷಿನ್ನು ಎಂದದ್ದೇ ನನ್ನ ಕಿವಿಯಲ್ಲಿ ಒಂದು ಹಾಡು ಶುರುವಾಯಿತು.

ಆ ಹಾಡು ಎಷ್ಟೋ ತಿಂಗಳಿಂದ ನಮ್ಮ ಮನೆಯಲ್ಲಿತ್ತು. ಕಂಪ್ಯೂಟರ್ ಇದ್ದ ಆ ಸಹಪಾಠಿ ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟಿದ್ದಳು. ಹಾಡು ಎನ್ನುವುದಕ್ಕೆ ಮಾತೇ ಇಲ್ಲ. ಒಂದು ತಮಟೆಯಂಥ ಸದ್ದು ಧಡ್ ಧಡ್ ಎಂದು ಹೊಡೆದುಕೊಳ್ಳುತ್ತದೆ, ಅದರ ಮೇಲೆ ಗಾಜಿನ ಮಣಿ ಸುರಿದ ಹಾಗೆ ಸ್ವರಗಳು ಓಡುತ್ತವೆ, ನಡುವೆ ಯಾವುದೋ ಹುಡುಗಿಯ ದನಿ ಆ ಆ ಎನ್ನುತ್ತದೆ. “ಹಾಡು ಅಂದ್ರೆ ಯಾರಾದ್ರೂ ಏನಾದ್ರೂ ಹೇಳ್ಬೇಕಲ್ಲೇ?” ಎಂದು ನಾನು ಕೇಳಿದ್ದೆ. “ಇದು ವಿಡಿಯೋ ಗೇಮ್ ಹಾಡು ಅಮ್ಮಾ,” ಎಂದಿದ್ದಳು. ಮೊದಲು ಆಕಾಶನೌಕೆಯ ಆಟವೊಂದರಲ್ಲಿ ಕೊನೆಯ ಗ್ರಹಕ್ಕೆ ಹೋದಾಗ ಬರುತ್ತಿತ್ತಂತೆ, ಅಷ್ಟು ದೂರ ಆಡಿ ಗೆದ್ದವರಿಗೆ ಮಾತ್ರ ಕೇಳಿಸುತ್ತಿತ್ತಂತೆ. ಈಗ ಅದನ್ನೇ ಕುಣಿಯುವ ಮೆಷಿನ್ನಿಗೆ ಹಾಕಿದ್ದಾರೆ. ಪರದೆಯಲ್ಲಿ ಬಾಣದ ಗುರುತು ಮೇಲೇರುತ್ತದೆ, ಎಡ, ಬಲ, ಹಿಂದೆ, ಮುಂದೆ; ನೆಲದಲ್ಲೂ ಅದೇ ನಾಲ್ಕು ಬಾಣ; ತಾಳಕ್ಕೆ ಸರಿಯಾಗಿ ಆ ಬಾಣದ ಮೇಲೆ ಕಾಲಿಡಬೇಕು. ಅವಳು ಕೈ ಆಡಿಸಿಕೊಂಡು ಹೇಳುತ್ತಿದ್ದರೆ ಮುಖ ಹೊಳೆಯುತ್ತಿತ್ತು. ನಾನು ತಡೆಯಲಾರದೆ, “ನೀನು ಅದರ ಹತ್ತಿರ ಹೋಗಕೂಡದು,” ಎಂದೆ. ನನ್ನ ಅಂಗೈ ಮೇಲೆ ಅಂಗೈ ಇಡಿಸಿಕೊಂಡು ಮಾತು ತೆಗೆದುಕೊಂಡೆ. “ತೆರಿಯುಮ್ಮಾ,” ಗೊತ್ತಮ್ಮ, ಎಂದಿದ್ದಳು. ಕ್ಯಾಸೆಟ್ಟು ಕೇಳುವುದಕ್ಕೆ ಮಾತ್ರ ನಾನು ಬೇಡವೆನ್ನಲಿಲ್ಲ. ಕೇಳುವುದರಿಂದ ಎದೆಗೇನು?

ಆಟೋದಲ್ಲಿ ಕೂತಾಗ ಡ್ರೈವರು ತಿರುಗಿ ನೋಡಿ, “ಆಸ್ಪತ್ರೆಗಾ ಅಮ್ಮಾ?” ಎಂದ. ಆ ಮೆಷಿನ್ನು ಬಂದಿದೆ ಎಂದು ಮಗಳು ಹೇಳಿದ್ದ, ಮೌಂಟ್ ರೋಡಿನ ಆಚೆ ಹೊಸದಾಗಿ ಎದ್ದಿದ್ದ ಶಾಪಿಂಗ್ ಕಾಂಪ್ಲೆಕ್ಸಿನ ಗುರುತು ಹೇಳಿದೆ. ಅವನು ಏನೂ ಕೇಳದೆ ಜೋರಾಗಿ ಓಡಿಸಿದ. ಸಿಗ್ನಲ್ಲುಗಳಲ್ಲಿ ನಿಂತಾಗಲೆಲ್ಲ ನನ್ನ ಬೆರಳು ಕೊಡೆಯ ಹಿಡಿಯ ಮೇಲೆ ತಾಳ ಹಾಕುತ್ತಿತ್ತು. ಕಾನ್ವೆಂಟಿನಲ್ಲಿ ನಾನು ಪಿಯಾನೋ ಕಲಿತವಳು. ತಾಳದ ಲೆಕ್ಕ ಬೇಡವೆಂದರೂ ಬರುತ್ತದೆ. ಆ ಹಾಡಿನ ತಮಟೆ ನಿಮಿಷಕ್ಕೆ ನೂರ ಎಂಬತ್ತರ ಹತ್ತಿರ. ಅಷ್ಟು ಹೆಜ್ಜೆ. ಅಷ್ಟು ಹೆಜ್ಜೆಗೆ ಎಷ್ಟು ಬಡಿತ? ಒಂದು ನಿಮಿಷಕ್ಕೆ ಎಂಬತ್ತು ಸಲ ಮುಚ್ಚುವುದಕ್ಕೇ ಸರಿಯಾಗಿ ಬಾರದ ಕವಾಟ ಅದು.

ಕಾಂಪ್ಲೆಕ್ಸಿನ ಮೂರನೇ ಮಹಡಿ. ಬಿಸಿಲಿಂದ ಒಳಗೆ ಹೋದವಳಿಗೆ ಮೊದಲು ಏನೂ ಕಾಣಲಿಲ್ಲ. ಏಸಿಯ ಥಂಡಿ, ಪಾಪ್‌ಕಾರ್ನಿನ ಬೆಣ್ಣೆ ವಾಸನೆ, ಸಾಲಾಗಿ ಮೆಷಿನ್ನುಗಳು. ಒಂದರಲ್ಲಿ ಕಾರು ಗುದ್ದುತ್ತಿತ್ತು, ಇನ್ನೊಂದರಲ್ಲಿ ಬಂದೂಕು. ಆ ಗಲಾಟೆಯ ನಡುವೆ ನನಗೆ ನಮ್ಮ ಮನೆಯ ಹಾಡು ಕೇಳಿಸಿತು. ಈಗಷ್ಟೇ ಶುರುವಾಗಿತ್ತು. ಕ್ಯಾಸೆಟ್ಟಿನಲ್ಲಿ ಕೇಳಿದ್ದೇ ಬೇರೆ. ಇಲ್ಲಿ ಅದು ನೆಲದಿಂದ ಬಂದು ಚಪ್ಪಲಿಯ ಮೂಲಕ ಕಾಲಿಗೆ ಹತ್ತುತ್ತಿತ್ತು.

ಜನರ ಬೆನ್ನುಗಳ ಮೇಲಿಂದ ಮಗಳನ್ನು ಕಂಡೆ. ಎತ್ತರದ ಕಬ್ಬಿಣದ ಹಲಗೆಯ ಮೇಲೆ ಯೂನಿಫಾರ್ಮಿನಲ್ಲಿ, ಸಾಕ್ಸ್ ಕಳಚಿ ಬರಿಗಾಲಲ್ಲಿ. ಕಾಲ ಕೆಳಗಿನ ಬಾಣಗಳು ನೀಲಿ, ಕೆಂಪು ಹತ್ತಿ ಆರುತ್ತಿದ್ದವು. ಅವಳ ಮುಖವೂ ಒಂದು ಸಲ ನೀಲಿ, ಒಂದು ಸಲ ಕೆಂಪು. ನೀಲಿಯಾದಾಗಲೆಲ್ಲ ಅವಳ ಬಾಯನ್ನೇ ದಿಟ್ಟಿಸುತ್ತಿದ್ದೆ; ತುಟಿ ನೀಲಿಯಾಗುತ್ತದೆಯೇ ನೋಡಿಕೊಳ್ಳಿ ಎಂದು ಆ ಮುದುಕ ಡಾಕ್ಟರು ಹೇಳಿದ್ದರು. ನಾನು ಹೆಸರು ಹಿಡಿದು ಕೂಗಿದೆ. ನನಗೇ ಕೇಳಿಸಲಿಲ್ಲ. ಜನರನ್ನು ತಳ್ಳಿಕೊಂಡು ಹಲಗೆಯ ಹತ್ತಿರ ಹೋಗಿ ಕೈ ಚಾಚಿದೆ. ಅಲ್ಲಿನ ಮೇಲ್ವಿಚಾರಕ, ಕೆಂಪು ಟೀಶರ್ಟಿನ ನಡುವಯಸ್ಸಿನವನು, ಅಡ್ಡ ಬಂದ.

“ಮೇಡಂ, ಮೇಡಂ! ಆಡ್ತಾ ಇರೋವಾಗ ಮುಟ್ಬೇಡಿ. ಬೆಚ್ಚಿಬಿದ್ರೆ ಕಾಲು ಜಾರತ್ತೆ, ಕಬ್ಬಿಣ ಅದು.”

“ಅವಳಿಗೆ ಹಾರ್ಟ್...” ಎಂದೆ.

“ಹೌದು ಮೇಡಂ, ಒಳ್ಳೆ ಹಾರ್ಟು! ಬಾಯ್ಸ್ ಎಲ್ಲಾ ಈ ಹಾಡಿಗೆ ಅರ್ಧದಲ್ಲೇ ಇಳಿದ್ಬಿಟ್ರು. ಇನ್ನೊಂದು ನಿಮಿಷ ಅಷ್ಟೇ, ನಿಂತ್ಕೊಳ್ಳಿ.”

ಒಂದು ನಿಮಿಷ. ಐದು ವರ್ಷದಿಂದ ದಿನಾ ಬೆಳಿಗ್ಗೆ ಒಂದು ನಿಮಿಷ ಎಣಿಸಿದವಳು ನಾನು. ಅಷ್ಟು ದೊಡ್ಡ ನಿಮಿಷವನ್ನು ಎಂದೂ ಕಂಡಿರಲಿಲ್ಲ. ಬಾಣಗಳು ಇರುವೆಗಳ ಹಾಗೆ ಒಂದರ ಹಿಂದೊಂದು ಮೇಲೇರುತ್ತಿದ್ದವು. ಬೀಳದಿರಲೆಂದು ಹಲಗೆಯ ಹಿಂದೆ ಹಾಕಿದ್ದ ಸರಳನ್ನು ಅವಳು ಹಿಡಿದುಕೊಳ್ಳಲೂ ಇಲ್ಲ. ಸೊಂಟ ನೆಟ್ಟಗೆ, ತೋಳು ಸಡಿಲ, ಹಿಮ್ಮಡಿ ಮಾತ್ರ ತಟ್ಟುತ್ತಿತ್ತು. ಆ ನಿಲುವು ನನಗೆ ಗೊತ್ತಿತ್ತು. ಒಂಬತ್ತು ವರ್ಷದವಳಿಗೆ ನೃತ್ಯದ ಟೀಚರು ಕೋಲು ತಟ್ಟಿ ಕಲಿಸಿದ ನಿಲುವು. ನಾವು ನಿಲ್ಲಿಸಿದೆವು ಎಂದುಕೊಂಡದ್ದು ನಿಂತಿರಲೇ ಇಲ್ಲ.

ಆಗ ಹಾಡು ನಿಂತಿತು.

ಅದು ಹಾಗೇ ಎಂದು ನನಗೆ ಗೊತ್ತಿತ್ತು, ಕ್ಯಾಸೆಟ್ಟಿನಲ್ಲಿ ನೂರು ಸಲ ಕೇಳಿದ್ದೆ. ನಡುವೆ ಒಂದು ಕಡೆ ತಮಟೆ, ಮಣಿ, ದನಿ ಎಲ್ಲ ಒಟ್ಟಿಗೆ ಕತ್ತರಿಸಿದ ಹಾಗೆ ನಿಂತುಹೋಗುತ್ತದೆ. ನಾಲ್ಕೆಣಿಕೆಯ ಮೌನ. ಪಾತ್ರೆ ತೊಳೆಯುವಾಗ ಆ ಮೌನ ಬಂದರೆ ಕರೆಂಟು ಹೋಯಿತೇನೋ ಎಂದು ನಾನು ದೀಪ ನೋಡುತ್ತಿದ್ದೆ. ಆದರೆ ಇಲ್ಲಿ ಅವಳೂ ನಿಂತಿದ್ದಳು. ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಅಲುಗಾಡದೆ. ಎದೆ ಏರಿಳಿಯುತ್ತಿದೆಯೇ ಎಂದು ಆ ಬಣ್ಣದ ಬೆಳಕಿನಲ್ಲಿ ಕಾಣುತ್ತಿರಲಿಲ್ಲ. ಒಂದು. ಎರಡು. ಮೂರು. ದೇವರೇ, ಇದನ್ನು ಮತ್ತೆ ಶುರುಮಾಡು, ಎಂದೆ. ಹಾಡನ್ನೋ ಇನ್ನೊಂದನ್ನೋ, ಯಾವುದಕ್ಕೆ ಹೇಳಿದೆನೆಂದು ನನಗೆ ಈಗಲೂ ಗೊತ್ತಿಲ್ಲ.

ಶುರುವಾಯಿತು. ಎರಡರಷ್ಟು ಜೋರಾಗಿ. ಸುತ್ತಲಿನವರು ಓ ಎಂದು ಕೂಗಿದರು. ಮುಗಿದಾಗ ಪರದೆಯ ಮೇಲೆ ಏನೇನೋ ಅಂಕೆಗಳು ಸುರಿದವು, ಯಾರೋ ಸೀಟಿ ಹೊಡೆದರು, ಅವಳು ನಗುತ್ತಾ ತಿರುಗಿದಳು. ನನ್ನನ್ನು ಕಂಡಳು.

ಆ ನಗು ಮುಖದಿಂದ ಇಳಿದುಹೋದ ರೀತಿ ನನಗೆ ಮರೆಯುವುದಿಲ್ಲ.

ನಾನು ಬಯ್ಯಲಿಲ್ಲ. ಮಣಿಕಟ್ಟು ಹಿಡಿದೆ. ಅಲ್ಲಿ ಎಣಿಸಲಾಗಲಿಲ್ಲ. ನೆಲದ ತಮಟೆ, ಅವಳ ನಾಡಿ, ಎರಡೂ ಬೆರಕೆಯಾಗಿ ಬೆರಳಿಗೆ ಹೊಡೆಯುತ್ತಿದ್ದವು. ಹೊರಗಿನ ಮೆಟ್ಟಿಲಿಗೆ ಎಳೆದುಕೊಂಡು ಬಂದೆ. ಜೊತೆಗಿದ್ದ ಸಹಪಾಠಿ ಬಾಗಿಲ ತನಕ ಬಂದು, “ಆಂಟಿ, ಫೈನಲ್ಸ್ ಇದೆ ಆಂಟಿ, ಇನ್ನೊಂದೇ ಹಾಡು,” ಎಂದಳು. ಮಗಳು ಅವಳಿಗೆ ತಲೆಯಾಡಿಸಿ ಬೇಡ ಎಂದಳು. ಹಟ ಮಾಡಲಿಲ್ಲ, ಅಳಲಿಲ್ಲ. ಸಾಕ್ಸು ಹಾಕಿಕೊಳ್ಳುತ್ತಾ ಕೂತಳು. ಅದಕ್ಕೇ ನನಗೆ ಇನ್ನೂ ಭಯವಾಯಿತು.

ನೂರ ನಲವತ್ತೆಂಟು. ಎರಡು ನಿಮಿಷ ಬಿಟ್ಟು, ನೂರ ನಲವತ್ತಾರು. ಐದು ನಿಮಿಷ ಬಿಟ್ಟು, ನೂರ ನಲವತ್ತೆಂಟು. ಕುಣಿದು ಕೂತ ಮೇಲೆ ನಾಡಿ ಇಳಿಯಬೇಕು. ಇಳಿಯುತ್ತಿಲ್ಲ. ಅವಳನ್ನು ಹೆಚ್ಚುಕಡಿಮೆ ಎತ್ತಿಕೊಂಡ ಹಾಗೆ ಆಟೋಗೆ ಹತ್ತಿಸಿದೆ. “ಅಮ್ಮಾ, ಐ ಆಮ್ ಫೈನ್,” ಎನ್ನುತ್ತಲೇ ಇದ್ದಳು. ದಾರಿಯುದ್ದಕ್ಕೂ ನಾನು ಮಣಿಕಟ್ಟು ಬಿಡಲಿಲ್ಲ.

ಲೇಡಿ ಡಾಕ್ಟರ ಕ್ಲಿನಿಕ್ಕು ಮುಚ್ಚುವ ಹೊತ್ತು. ನನ್ನ ಮುಖ ನೋಡಿ ಸರದಿ ಬಿಟ್ಟು ಒಳಗೆ ಕರೆದರು. ಮಗಳನ್ನು ಮಲಗಿಸಿ, ಎಡಕ್ಕೆ ತಿರುಗಿಸಿ, ಕೂರಿಸಿ, ಮುಂದಕ್ಕೆ ಬಾಗಿಸಿ ಎದೆಯ ಸದ್ದು ಕೇಳಿದರು. ಮಂಡಿಯನ್ನು ಅದುಮಿ, ಮಡಿಸಿ, ಇನ್ನೊಂದು ಮಂಡಿಯ ಜೊತೆ ಮುಟ್ಟಿ ನೋಡಿದರು. ಕೊನೆಗೆ ಮಣಿಕಟ್ಟು ಹಿಡಿದು ಗೋಡೆಯ ಗಡಿಯಾರ ನೋಡಿದರು.

“ಎಂಬತ್ತೆಂಟು,” ಎಂದರು.

“ಇಲ್ಲ ಡಾಕ್ಟರ್, ಈಗ ಬಾಗಿಲಲ್ಲಿ ನೂರ ನಲವತ್ತಿತ್ತು.”

“ಎಲ್ಲಿ, ಹೇಗೆ ಎಣಿಸಿದ್ರಿ? ತೋರಿಸಿ.”

ತೋರಿಸಿದೆ. ಅವರು ನನ್ನ ಕೈಯನ್ನು ನೋಡಿದರು. ಬೆರಳುಗಳನ್ನು ಹಿಂದಕ್ಕೆ ಸುತ್ತಿ, ಗಟ್ಟಿಯಾಗಿ, ಓಡಿಹೋಗುವವಳನ್ನು ಹಿಡಿದ ಹಾಗೆ ಹಿಡಿದಿದ್ದೆ. ನಾಡಿಯ ಮೇಲಿದ್ದದ್ದು ಹೆಬ್ಬೆರಳು.

“ಹೆಬ್ಬೆರಳಿಗೆ ಅದರದ್ದೇ ನಾಡಿ ಇರತ್ತಮ್ಮ. ನೀವು ಎಣಿಸಿದ್ದು ನಿಮ್ಮದನ್ನ. ಬಿಪಿ ನೋಡ್ಬೇಕಾದ್ದು ಈಗ ನಿಮಗೆ,” ಎಂದು ನಕ್ಕರು.

ಸಿಸ್ಟರ್ ಮೊದಲ ದಿನವೇ ಹೇಳಿಕೊಟ್ಟ ಪಾಠ ಅದು: ಮೂರು ಬೆರಳು, ಹೆಬ್ಬೆರಳನ್ನು ಎಂದೂ ಇಡಬೇಡಿ. ನನಗೆ ನಗು ಬರಲಿಲ್ಲ. ಬೆಳಿಗ್ಗೆ ನಾನು ಇಟ್ಟದ್ದು ಯಾವ ಬೆರಳು? ನಿನ್ನೆ? ಹೋದ ವರ್ಷ, ಒಂದು ವಾರ ತೊಂಬತ್ತಾರು ಬಂತೆಂದು ಅವಳನ್ನು ಸ್ಕೂಲಿನ ಪಿಕ್ನಿಕ್ಕಿಗೆ ಕಳಿಸದೆ ಉಳಿಸಿಕೊಂಡಾಗ? ಯಾವುದಕ್ಕೂ ಖಾತ್ರಿಯಿಲ್ಲ.

“ಮಂಡಿ ಬಿಸಿಯಿಲ್ಲ, ಊತವಿಲ್ಲ. ಇದು ಆ ಜ್ವರದ ನೋವಲ್ಲ, ಕುಣಿದ ನೋವು. ಇರಲಿ, ರಕ್ತ ಪರೀಕ್ಷೆ ಮಾಡಿಸೋಣ,” ಎಂದರು ಡಾಕ್ಟರು. “ಕವಾಟದ ಸದ್ದು ಇನ್ನೂ ಇದೆ. ಹಳೇದೇ, ಸಣ್ಣ ಸೋರಿಕೆ. ಹೃದಯದ ಎಕೋ ಸ್ಕ್ಯಾನ್ ತೆಗೆಸಿ ಎಷ್ಟು ವರ್ಷವಾಯ್ತು?”

“ಮೊದಲು ತೆಗೆಸಿದ್ದೇ.”

ಅವರು ಅದನ್ನು ಬರೆದುಕೊಂಡು ಮಗಳ ಕಡೆ ತಿರುಗಿದರು. “ನೀನು ಹೇಳು. ಈ ಡ್ಯಾನ್ಸು ಎಷ್ಟು ದಿನದಿಂದ?”

ಅವಳು ನನ್ನ ಮುಖ ನೋಡಿದಳು. ನನ್ನ ಅಂಗೈ ನನ್ನ ಮಡಿಲಲ್ಲಿ ತೆರೆದೇ ಇತ್ತು.

“ಇವತ್ತೇ, ಡಾಕ್ಟರ್. ಫಸ್ಟ್ ಟೈಮ್.”

“ಫಸ್ಟ್ ಟೈಮಿಗೇ ಗಂಡುಹುಡುಗರನ್ನೆಲ್ಲ ಸೋಲಿಸಿದೆಯಾ?”

“ಫ್ರೆಂಡ್ ಕಂಪ್ಯೂಟರಲ್ಲಿ ಅದೇ ಗೇಮ್ ಇದೆ. ಅಲ್ಲಿ ಬೆರಳಲ್ಲಿ ಆಡ್ತಿದ್ದೆ. ಕೀಬೋರ್ಡಲ್ಲೂ ನಾಲ್ಕು ಬಾಣ ಇರತ್ತಲ್ಲ. ಕಾಲಲ್ಲಿ ಇವತ್ತೇ.”

ಡಾಕ್ಟರು ಪೆನ್ನನ್ನು ಮೇಜಿಗೆ ತಟ್ಟಿದರು. “ಅದೇ ಕಷ್ಟ. ಇವಳು ಮೂರು ತಿಂಗಳು, ನಾಲ್ಕು ತಿಂಗಳು ದಿನಾ ಹೀಗೆ ಕುಣಿದಿದ್ದಾಳೆ, ಉಸಿರು ಕಟ್ಟಿಲ್ಲ, ಕಾಲು ಊದಿಲ್ಲ ಅಂತ ಯಾರಾದ್ರೂ ಹೇಳಿದ್ರೆ, ನಾನು ಈಗಲೇ ಹೋಗಿ ಕುಣಿ ಅಂತ ಬರೆದುಕೊಡ್ತಿದ್ದೆ. ಅದಕ್ಕಿಂತ ಒಳ್ಳೆ ಪರೀಕ್ಷೆ ಯಾವ ಮೆಷಿನ್ನಲ್ಲೂ ಇಲ್ಲ. ಐದು ವರ್ಷ ಕೂತಿದ್ದ ಹೃದಯ ಒಂದು ದಿನ ಎದ್ದು ಕುಣಿದದ್ದು ನನಗೆ ಏನೂ ಹೇಳೋದಿಲ್ಲ. ಎಕೋ ಆಗೋವರೆಗೆ ಯಾವ ಆಟವೂ ಬೇಡ.”

ಹೊಸ ಚೀಟಿಯಲ್ಲಿ ಹಳೆಯ ಎರಡನೇ ಸಾಲನ್ನೇ ಬರೆದರು. ಅದನ್ನು ಮಡಿಸಿ ಪರ್ಸಿಗೆ ಹಾಕಿಕೊಳ್ಳುವಾಗ, ಸತ್ಯ ಹೇಳುತ್ತೇನೆ, ನನಗೆ ಒಂದು ಬಗೆಯ ಹಗುರವಾಯಿತು. ನನ್ನ ಭಯಕ್ಕೆ ಮತ್ತೆ ಡಾಕ್ಟರ ಸಹಿ ಸಿಕ್ಕಿತ್ತು. ಬೆರಳಲ್ಲಿ ಆಡಿದೆ ಎಂಬ ಮಾತನ್ನು ನಾನು ನಂಬಿದೆ. ಅವಳ ದಿನದ ಒಂದೊಂದು ಗಂಟೆಯೂ ನನಗೆ ಗೊತ್ತಿತ್ತು; ಸ್ಕೂಲು, ಟ್ಯೂಷನ್ನು, ಮನೆ. ಅದರಲ್ಲಿ ತಿಂಗಳುಗಟ್ಟಲೆ ಕುಣಿತ ಅಡಗುವುದಕ್ಕೆ ಜಾಗವೆಲ್ಲಿ?

ಮನೆಗೆ ಬಂದು ಮೊಸರನ್ನ ಕಲೆಸಿ ಕೊಟ್ಟೆ. ತಿಂದಳು. ಅಂಗೈ ಮೇಲೆ ಕೈಯಿಟ್ಟು ಹೇಳಿದ ಮಾತೇನಾಯಿತು ಎಂದು ನಾನು ಕೇಳಲಿಲ್ಲ, ಅವಳೂ ಎತ್ತಲಿಲ್ಲ. ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕ್ಯಾಸೆಟ್ಟು ಹಾಕಲಿಲ್ಲ. ಮನೆಯೆಲ್ಲ ಆ ನಾಲ್ಕೆಣಿಕೆಯ ಮೌನದ ಹಾಗಿತ್ತು, ಆದರೆ ಎಣಿಸುತ್ತಾ ಹೋದರೂ ನಾಲ್ಕು ಬರುತ್ತಿರಲಿಲ್ಲ. ಮಧ್ಯೆ ಎರಡು ಸಲ ಬಾಗಿಲಲ್ಲಿ ನಿಂತು ಬೆನ್ನು ಏರಿಳಿಯುವುದನ್ನು ನೋಡಿದೆ. ಮೂರನೇ ಸಲ ಅವಳು ತಿರುಗದೆಯೇ, “ಇರ್ಕೇನ್ಮಾ,” ಎಂದಳು. ಇದ್ದೀನಮ್ಮ.

ಆ ವರ್ಷ ನಮ್ಮ ಕಡೆ ನೀರಿನ ಬರ. ಸಾಯಂಕಾಲ ಆರಕ್ಕೆ ಲಾರಿ ಬಂದು ಕೆಳಗಿನ ಟ್ಯಾಂಕಿಗೆ ತುಂಬಿಸಿ ಹೋದರೆ, ಆಮೇಲೆ ಅರ್ಧಮುಕ್ಕಾಲು ಗಂಟೆ ಹೆಂಗಸರೆಲ್ಲ ಬಿಂದಿಗೆ ಹಿಡಿದು ಸಾಲು ನಿಲ್ಲುತ್ತಿದ್ದೆವು. ಮಗಳ ಕೈಯಲ್ಲಿ ನಾನು ಒಂದು ತಂಬಿಗೆ ನೀರೂ ಹೊರಿಸುತ್ತಿರಲಿಲ್ಲ, ಆರು ಬಿಂದಿಗೆಯನ್ನೂ ನಾನೇ ಹೊರುತ್ತಿದ್ದೆ. ಅವತ್ತೂ ಹೋಗಿ ನಿಂತೆ. ನನ್ನ ಹಿಂದೆ ಮೂರನೇ ಮಹಡಿಯ ಅಜ್ಜಿ ಬಂದರು. ಅವರೂ ಕನ್ನಡದವರೇ, ಮೂರು ತಲೆಮಾರಿನಿಂದ ಮದರಾಸಿನಲ್ಲಿ. ಗಂಡ ಬ್ಯಾಂಕಿನಲ್ಲಿದ್ದು ರಿಟೈರಾದವರು. ಟೆರೇಸಿನ ಕೆಳಗಿನ ಮನೆ ಅವರದು, ನಮ್ಮದು ನೆಲಮಟ್ಟದ್ದು. ನೀರು ಹೊರುವ ಆಳು ಬರಲಿಲ್ಲವೆಂದು ತಾವೇ ಇಳಿದು ಬಂದಿದ್ದರು.

“ಏನ್ ಮಾಮಿ, ನೀವೇ ಬಂದ್ಬಿಟ್ರಿ?” ಎಂದೆ, ಏನಾದರೂ ಹೇಳಬೇಕಲ್ಲ ಎಂದು.

“ಏನ್ ಮಾಡೋದು ಪೋ, ಆ ಕಡನ್ಗಾರ ಆಳು ಲೀವು ಹಾಕ್ಬಿಟ್ಟ,” ಎಂದರು. ಬಿಂದಿಗೆಯನ್ನು ಸೊಂಟದ ಇನ್ನೊಂದು ಕಡೆಗೆ ಬದಲಾಯಿಸಿಕೊಂಡು, ಮುಂದಿನವರು ಎಷ್ಟು ಜನರೆಂದು ಕತ್ತು ಚಾಚಿ ನೋಡುತ್ತಾ, ಹಾಗೇ ಕೇಳಿದರು: “ಅದಿರಲಿ, ನಿನ್ ಪೊಣ್ಣು ಇವತ್ತು ಊರಲ್ಲಿಲ್ವಾ? ನವರಾತ್ರಿಗೆ ಗೊಂಬೆ ಇಟ್ಟಾಗಿಂದ ಒಂದು ದಿನ ತಪ್ಪಿಲ್ಲ, ನೀನು ನೀರಿಗೆ ಹೋದ್ರೆ ನಿನ್ ಮಗಳು ಟೆರೇಸಿಗೆ ಹತ್ತಿ ಅರ್ಧ ಗಂಟೆ ನಮ್ಮ ಮಂಡೆ ಮೇಲೆ ತಾಂ ತೂಂ ಅಂತ ಕುಣೀತಾಳೆ. ಆ ಸದ್ದು ಕೇಳಿದ್ರೇ ನಾನು ಎದ್ದು ದೀಪ ಹಚ್ಚೋದು. ಇವತ್ತು ಸದ್ದೇ ಇಲ್ಲ, ಹೊತ್ತು ಹೋದದ್ದೇ ತಿಳೀಲಿಲ್ಲ ನೋಡು.”